ಎರಡನೇ ಮಹಡಿಯಲ್ಲಿ ನಿಲ್ಲುವ ಲಿಫ್ಟು

ಶಿವಯೋಗೀಶ ಸರ್ ಕೊಟ್ಟ ಕೆಲಸ ಸಣ್ಣದು. ನಮ್ಮದು ಲಿಫ್ಟ್ ನಡೆಸುವ ಬೋರ್ಡುಗಳಿಗೆ ಪ್ರೋಗ್ರಾಂ ಬರೆಯುವ ಆಫೀಸು. ಹಲವರ ಕೈಯಲ್ಲಿ ಹಲವು ರೀತಿ ಬೆಳೆದ ಆ ಪ್ರೋಗ್ರಾಮನ್ನು ಫಾರ್ಮ್ಯಾಟರ್‌ಗೆ ಕೊಟ್ಟು, ಖಾಲಿ ಜಾಗ, ಆವರಣ, ಸಾಲು ಎಲ್ಲವನ್ನೂ ಒಂದೇ ಅಚ್ಚಿಗೆ ತರಬೇಕಿತ್ತು. ಮರುದಿನ ಅದು ಧಾರವಾಡದ ಒಂದು ಕಣ್ಣಿನ ಆಸ್ಪತ್ರೆಯ ಲಿಫ್ಟಿಗೆ ಹೋಗುವುದಿತ್ತು.

"ಬರೇ ಜಾಗಾ ಸರಿ ಮಾಡ್ತದವಾ ಅದು. ಅರ್ಥಕ್ಕ ಕೈ ಹಚ್ಚೂದಿಲ್ಲ," ಎಂದರು ಸರ್.

ಆದರೂ ನನಗೆ ಧೈರ್ಯ ಬರಲಿಲ್ಲ. ಹಗಲು ಅಂಗಡಿಯಲ್ಲಿ ಬಿಲ್ ಹಾಕಿ ಸಂಜೆ ಕ್ಲಾಸಿನಲ್ಲಿ ಕಲಿತವಳು ನಾನು. ಉಳಿದವರಿಗೆಲ್ಲ ಗೊತ್ತಿರುವ ಯಾವುದೋ ಒಂದು ಪಾಠದ ದಿನ ನಾನೊಬ್ಬಳೇ ತಪ್ಪಿಸಿಕೊಂಡಿದ್ದೆನೇನೋ ಎಂಬ ಅನುಮಾನ ಸದಾ ಇರುತ್ತದೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ತಡವರಿಸುತ್ತ ಬರುವವರ ಮೇಲೆ ಬಾಗಿಲು ಮುಚ್ಚಿಕೊಂಡರೆ, ಅದು ನನ್ನ ಕೈಯಿಂದಲೇ ಆಗಿರುತ್ತದೆ.

ಅದಕ್ಕೇ ಮೊದಲು ಆಜ್ಞೆಯ ಜೊತೆ --dry-run ಎಂದು ಸೇರಿಸಿದೆ. ಹಾಗೆ ಹೇಳಿದರೆ ಅದು ಏನನ್ನೂ ಮುಟ್ಟುವುದಿಲ್ಲ. ಎಲ್ಲೆಲ್ಲಿ ಮುಟ್ಟಬೇಕಿದೆ ಎಂದು ತಿಳಿಸುತ್ತದಷ್ಟೆ. ಎಚ್ಚರಿಕೆಗಳು ಪರದೆಯ ತುಂಬ ಸುರಿದವು. ಒಂದೊಂದನ್ನೂ ಓದಿದೆ. ಬಾಗಿಲಿನ ಫೈಲಿನಲ್ಲಿ ಮಾತ್ರ, ಮೇಲ್ಗಡೆ ಸೇರಿಸಿಕೊಂಡ ಹೆಡರ್ ಫೈಲುಗಳ, ಅಂದರೆ ಅದು ಬಳಸುವ ಅಂಕಿಗಳನ್ನು ಬರೆದಿಟ್ಟ ಬೇರೆ ಫೈಲುಗಳ, ಹೆಸರು ಅಕ್ಷರ ಕ್ರಮದಲ್ಲಿಲ್ಲ ಎಂದಿತ್ತು.

"ಸರ್, ಇದು ಹೆಡರ್ ಸಾಲೂ ಹಿಂದ ಮುಂದ ಮಾಡ್ತೇನಿ ಅನ್ನಾಕತ್ತೈತ್ರಿ."

"ಮಾಡ್ಲಿ ಬಿಡು. ಹಾಜರಿ ಯಾರಿಂದ ಸುರು ಮಾಡಿದ್ರೇನು, ಸಾಲ್ಯಾಗಿನ ಹುಡುಗ್ರು ಅವರ ಅಲ್ಲೇನು?"

ಫೈಲಿನ ಮೇಲೆಯೇ ಬರೆದುಬಿಡು ಎನ್ನುವ -i ಕೊಟ್ಟೆ. ಕ್ಷಣದಲ್ಲಿ ಮುಗಿಯಿತು.

ನಮ್ಮಲ್ಲಿ ಒಂದು ಪದ್ಧತಿಯಿದೆ. ಯಾವ ಬದಲಾವಣೆಯಾದರೂ ಹೊರಗೆ ಹೋಗುವ ಮೊದಲು ಉಣಕಲ್ಲಿನ ನಮ್ಮ ಕಟ್ಟಡದ ಲಿಫ್ಟಿಗೇ ಬರಬೇಕು. ಬದಲಾಯಿಸಿದವರು ಒಬ್ಬರೇ ಅದರಲ್ಲಿ ಮೊದಲು ಇಳಿಯಬೇಕು. ಪದ್ಧತಿ ಹಾಕಿದವರು ಬಾಳಕೃಷ್ಣ ಸರ್. ಬಾಗಿಲಿನ ಫೈಲು ಬರೆದವರೂ ಅವರೇ. ಹೋದ ವರ್ಷ ತೀರಿಕೊಂಡರು.

"ಅಕ್ಕಾರ, ಮನಿಗೆ ಫೋನ್ ಹಚ್ಚಿ ಹೇಳೀರಿಲ್ಲೋ, ಲಿಫ್ಟಿನ್ಯಾಗ ಹೊಂಟೇನಿ ಅಂತ?" ಎಂದ ಫಿಟ್ಟರ್ ಗೌಸಮೊದ್ದೀನ. "ಸುಖವಾಗಿ ಇಳದ್ರ ಚಾ ನಿಮ್ದು."

ಅವನು ಮೆಟ್ಟಿಲಿಳಿದು ಕೆಳಗೆ ಹೋಗಿ ನಿಂತ. ನಾನು ನಾಲ್ಕನೇ ಮಹಡಿಯಲ್ಲಿ ಲಿಫ್ಟ್ ಹೊಕ್ಕು, ಲ್ಯಾಪ್‌ಟಾಪನ್ನು ಬೋರ್ಡಿಗೆ ಜೋಡಿಸಿ, ಕೆಳಗಿನ ಗುಂಡಿ ಒತ್ತಿದೆ. ಲಿಫ್ಟಿನಲ್ಲಿರುವ ಭಾರ ಪರದೆಯ ಮೂಲೆಯಲ್ಲಿ ಕಾಣುತ್ತಿತ್ತು. ಅಷ್ಟೂ ನನ್ನದು.

ಎರಡನೇ ಮಹಡಿಯಲ್ಲಿ ಲಿಫ್ಟ್ ನಿಂತಿತು. ನಾನು ಒತ್ತಿರಲಿಲ್ಲ. ಬಾಗಿಲು ತೆರೆಯಿತು. ಚಹಾ ಕೌಂಟರಿನ ಎದುರಿನ ಬೆಂಚು ಖಾಲಿ. ಮಧ್ಯಾಹ್ನದ ಬಿಸಿಲು ಪಡಸಾಲೆಯ ಹಾಸುಗಲ್ಲಿನ ಮೇಲೆ ಬಿದ್ದಿತ್ತು. ಬಾಗಿಲು ಮುಚ್ಚುವ ಗುಂಡಿ ಒತ್ತಿದೆ, ಕೇಳಲಿಲ್ಲ. ದೂರದಿಂದ ಬರುವವರನ್ನು ಕಂಡು ಯಾರೋ ಕೈ ಅಡ್ಡ ಹಿಡಿದಂತೆ ಅದು ಕಾಯಿತು. ತುಂಬ ಹೊತ್ತು ಕಾಯಿತು. ಆಮೇಲೆ ಲಿಫ್ಟಿನ ನೆಲ ಸ್ವಲ್ಪವೇ ಕೆಳಗೆ ಜಗ್ಗಿತು. ಬಾಗಿಲು ಮುಚ್ಚಿತು.

ಪರದೆಯಲ್ಲಿ ಭಾರದ ಅಂಕಿ ಏರಿತ್ತು.

ನಾನು ಗೋಡೆಗೆ ಅಂಟಿ ನಿಂತೆ. ಕೆಳಗೆ ಬಾಗಿಲು ತೆರೆದಾಗ ಗೌಸಮೊದ್ದೀನ ಏನೋ ಚೇಷ್ಟೆಗೆ ಬಾಯಿ ತೆರೆದಿದ್ದ. ಅದನ್ನು ಬಿಟ್ಟು ಒಂದು ಬದಿಗೆ ಸರಿದು, "ಬರ್ರಿ ಸರ," ಎಂದ. ಆಮೇಲೆ ನನ್ನನ್ನು ನೋಡಿದ.

"ಯಾರಿಗಂದಿ?"

"ಗೊತ್ತಿಲ್ರಿ ಅಕ್ಕಾರ. ಬಾಯಿಗೆ ಬಂತು."

ನಾನಿನ್ನೂ ಒಳಗೇ ಇದ್ದೆ. ಪರದೆಯ ಅಂಕಿ ಮತ್ತೆ ನನ್ನದಷ್ಟೇ ಆಗಿತ್ತು.

ಕಾರಣ ಹುಡುಕಲು ಕಷ್ಟವಾಗಲಿಲ್ಲ. ಬಾಗಿಲು ಎಲ್ಲಿ ನಿಲ್ಲಬೇಕು, ಎಷ್ಟು ಕಾಯಬೇಕು ಎಂಬುದು ಎರಡು ಹೆಡರ್ ಫೈಲುಗಳಲ್ಲಿತ್ತು: ಒಂದು ಮಾಮೂಲಿನದು, ಇನ್ನೊಂದು ಬಾಳಕೃಷ್ಣ ಸರ್ ಹೆಸರಿನದು. ಯಾವುದು ಮೊದಲು ಬರುತ್ತದೋ ಅದರ ಮಾತು ನಡೆಯುತ್ತದೆ. ಅಕ್ಷರ ಕ್ರಮಕ್ಕೆ ಜೋಡಿಸುವಾಗ ಅವರ ಹೆಸರು ಮೇಲೆ ಬಂದಿತ್ತು.

ತೋರಿಸಿದಾಗ ಶಿವಯೋಗೀಶ ಸರ್ ಮುಖ ಸಪ್ಪಗಾಯಿತು.

"ಕಡೀಕ ಅವನ ಕಾಲು ಎಳೀತಿತ್ತವಾ. ಎರಡನೇ ಮಹಡಿಗೆ ಚಾಕ್ಕ ಹೋದ್ರ, ಕೋಲು ಊರ್ಕೊಂತ ಬರೂದ್ರಾಗ ಬಾಗಲಾ ಮುಚ್ಚತಿತ್ತು. ಅದಕ್ಕ ಬರಕೊಂಡಿದ್ದ. ಅವ ಹೋದ ಮ್ಯಾಲೆ ಅಳಸಾಕ ನನಗ ಕೈ ಬರಲಿಲ್ಲ. ಮಾಮೂಲಿ ಫೈಲ್ ಮ್ಯಾಲ ಇಟ್ಟು ಸುಮ್ಮನಾದೆ."

"ಮತ್ತ ಆ ವಜನಾ, ಸರ್?"

"ಸೆನ್ಸರ್ ತಪಾಸ ಮಾಡ್ಸೂಣು," ಎಂದರು. ನನ್ನ ಕಡೆ ನೋಡಲಿಲ್ಲ.

ಹಳೆಯ ಫೈಲುಗಳನ್ನು ಮರಳಿ ತಂದು, ಈ ಸಲ --sort-includes=false ಎಂದೂ ಸೇರಿಸಿ ಫಾರ್ಮ್ಯಾಟರ್ ನಡೆಸಿದೆ. ಹೆಡರ್ ಸಾಲುಗಳು ಇದ್ದಲ್ಲೇ ಉಳಿದವು. ಮತ್ತೆ ಲಿಫ್ಟ್ ಹತ್ತಿದೆ. ಹತ್ತಲೇಬೇಕಿತ್ತು, ಆಸ್ಪತ್ರೆಯವರು ಹತ್ತುವ ಮೊದಲು.

ಲಿಫ್ಟ್ ಎಲ್ಲಿಯೂ ನಿಲ್ಲದೆ ಇಳಿಯಿತು. ಎರಡನೇ ಮಹಡಿ ದಾಟುವಾಗ ಒಂದು ಸದ್ದು ಕೇಳಿತು. ಆ ಮಹಡಿಯ ಮುಚ್ಚಿದ ಬಾಗಿಲನ್ನು ಹೊರಗಿನಿಂದ ಯಾರೋ ಕೋಲಿನಿಂದ ತಟ್ಟುತ್ತಿದ್ದರು. ಮೆಲ್ಲಗೆ, ಸಿಟ್ಟಿಲ್ಲದೆ. ಸದ್ದು ಮೇಲೆ ಮೇಲೆ ಹೋಗಿ ಅಡಗಿತು.

ಕೆಳಗೆ ಗೌಸಮೊದ್ದೀನ ಚೇಷ್ಟೆ ಮಾಡಲಿಲ್ಲ.

"ಕೇಳಿಸ್ತೇನ್ರಿ ನಿಮಗೂ?" ಎಂದ.

ವರ್ಷವಿಡೀ ಹೀಗೆಯೇ ತಟ್ಟುತ್ತಿದ್ದರೇ? ನಮಗೆ ಕಿವಿಗೊಡಲು ಪುರಸೊತ್ತಿರಲಿಲ್ಲವೇ?

ಮೇಲೆ ಹೋಗಿ ಸರ್‌ಗೆ ಹೇಳಿದೆ: "ಈಗ ಮಾಡಿದ್ದು ದವಾಖಾನಿಗೆ ಹೋಗ್ಲಿ ಸರ್, ಇದು ಬರೋಬ್ಬರಿ ಐತಿ. ನಮ್ಮ ಲಿಫ್ಟಿಗೆ ಮೊದಲ ಮಾಡಿದ್ದ, ಬಾಳಕೃಷ್ಣ ಸರ್ ಫೈಲ್ ಮ್ಯಾಲಿದ್ದದ್ದ ಇರ್ಲಿ."

ಯಾಕೆ ಎಂದು ಅವರು ಕೇಳಲಿಲ್ಲ. "ಹಾಕು," ಎಂದರು.

ಮರುದಿನ ಆಸ್ಪತ್ರೆಯಲ್ಲಿ ಲಿಫ್ಟಿನ ಎದುರು ಬಹಳ ಹೊತ್ತು ಕುಳಿತೆ. ಕಣ್ಣಿಗೆ ಪಟ್ಟಿ ಕಟ್ಟಿದ ಒಬ್ಬ ಮುದುಕಿ ಮಗಳ ಭುಜ ಹಿಡಿದು ಒಳಗೆ ಹೋದಳು. ಬಾಗಿಲು ಅವಳನ್ನು ಒಳಗೆ ಬಿಟ್ಟು ಸಾವಕಾಶ ಮುಚ್ಚಿತು. ಮತ್ತೆ ಮತ್ತೆ ನೋಡಿದ ಮೇಲೇ ಎದ್ದೆ.

ನಮ್ಮ ಲಿಫ್ಟ್ ಮಾತ್ರ ಈಗ ಇಳಿಯುವಾಗೆಲ್ಲ ಎರಡನೇ ಮಹಡಿಯಲ್ಲಿ ನಿಲ್ಲುತ್ತದೆ. ಲಿಫ್ಟ್ ಮಾಡುವವರ ಲಿಫ್ಟೇ ಕೆಟ್ಟಿದೆ ಎಂದು ಕಟ್ಟಡದ ಬೇರೆ ಆಫೀಸಿನವರು ನಗುತ್ತಾರೆ. ನಾವು ಯಾರಿಗೂ ಏನೂ ಹೇಳಿಲ್ಲ. ಆದರೆ ಅಲ್ಲಿ ಬಾಗಿಲು ತೆರೆದೊಡನೆ, ಮಾತಾಡುತ್ತ ನಿಂತವರೆಲ್ಲ ಮಾತು ನಿಲ್ಲಿಸದೆಯೇ ಒಂದಿಷ್ಟು ಗೋಡೆಯ ಕಡೆಗೆ ಸರಿದು, ಒಬ್ಬರು ನಿಲ್ಲುವಷ್ಟು ಜಾಗ ಬಿಡುತ್ತಾರೆ.