ಜ್ವರದ ಮಾತು

ಟೈಲರ್ ಅಜ್ಜ ಹೆಂಡತಿಯ ಹತ್ತಿರ ಮಾತು ಬಿಟ್ಟು ಎರಡು ವರ್ಷದ ಮೇಲಾಗಿತ್ತು. ಕೈ ನಡುಗಿ ಸೂಜಿ ಬೆರಳಿಗೇ ಹೊಕ್ಕಿತೆಂದು ಅಜ್ಜಿ ಅವನನ್ನು ಒಂದು ಮಾತೂ ಕೇಳದೆ ಹೊಲಿಗೆ ಮೆಷಿನ್ನನ್ನು ಯಾರಿಗೋ ಕೊಟ್ಟುಬಿಟ್ಟಿದ್ದಳು. ಅಷ್ಟೇ, ಅಜ್ಜ ಬಾಯಿಗೆ ಬೀಗ ಹಾಕಿಕೊಂಡ. ಜಗಮೊಂಡ ಅಂದ್ರೆ ಜಗಮೊಂಡ! ನೀರು ಬೇಕಾದರೆ ಲೋಟ ಕುಟ್ಟುತ್ತಿದ್ದ. ಎರಡು ಕೋಣೆಯ ಮನೆಯಲ್ಲಿ ಅಜ್ಜಿ ಪಾತ್ರೆ ಪಗಡೆಗಳ ಜೊತೆ ಮಾತಾಡಿಕೊಂಡು ದಿನ ನೂಕುತ್ತಿದ್ದಳು.

ಅಂಥವನು ಒಂದು ಬೆಳಿಗ್ಗೆ ಮಂಚದ ಮೇಲೆ ಎದ್ದು ಕೂತು, "ಬನ್ನಿ ತಾಯಿ, ಅಳತೆ ಬಟ್ಟೆ ತಂದಿದ್ದೀರಾ?" ಅಂದ.

ಅಜ್ಜಿ ಓಡಿ ಬಂದಳು. ಮುಟ್ಟಿದರೆ ಮೈ ಕೆಂಡ, ಹಾಸಿಗೆ ಒದ್ದೆ, ಕೆಟ್ಟ ವಾಸನೆ. ಮೂತ್ರದ ಸೋಂಕು ಮತ್ತೆ ವಕ್ಕರಿಸಿತ್ತು. ಹೋದ ಸಲ ಸೋಂಕು ಇಳಿಸಿದ ಆಂಟಿಬಯೋಟಿಕ್ ಮಾತ್ರೆಯೇ ಭೇದಿ ಹಿಡಿಸಿ ಅಜ್ಜನನ್ನು ಸಾವಿನ ಬಾಗಿಲಿಗೆ ಒಯ್ದಿತ್ತು. "ಮತ್ತೆ ಜ್ವರ ಬಂದು ಏನೇನೋ ಮಾತಾಡಿದ್ರೆ ತಕ್ಷಣ ಫೋನ್ ಮಾಡಿ. ಮನೇಲಿರೋ ಹಳೇ ಮಾತ್ರೆ ಕೊಡ್ಬೇಡಿ," ಎಂದು ಡಾಕ್ಟರಮ್ಮ ಎಚ್ಚರಿಸಿದ್ದರು.

ಅಜ್ಜಿ ಫೋನ್ ಎತ್ತಿಕೊಂಡಳು.

"ಈ ನೀಲಿ ನಿಮಗೆ ಬೇಡ ತಾಯಿ. ನೀಲಿ ಅಂದ್ರೆ ನಮ್ಮನೆಯವಳಿಗೇ ಒಪ್ಪೋದು. ಅವಳು ಎದುರಿಗೆ ಸುಳಿದಾಡಿದ್ರೆ ನನ್ನ ಹೊಲಿಗೆ ಸೊಟ್ಟಗೆ ಹೋಗುತ್ತೆ," ಎಂದು ಅಜ್ಜ ನಕ್ಕ.

ಅಜ್ಜಿ ಫೋನ್ ಕೆಳಗಿಟ್ಟಳು. ತಪ್ಪೇ, ಯಾರು ಇಲ್ಲ ಅಂದ್ರು? ವರ್ಷಗಟ್ಟಲೆ ಹಸಿದವಳ ಮುಂದೆ ತಟ್ಟೆ ಇಟ್ಟರೆ ಎದ್ದು ಹೋಗ್ತಾಳಾ? ಗಿರಾಕಿಯ ಹಾಗೆ ಸ್ಟೂಲ್ ಎಳೆದುಕೊಂಡು ಕೂತು, "ನಿಮ್ಮನೆಯವರು ಒಳ್ಳೆಯವರಾ?" ಎಂದು ಕೇಳಿದಳು.

"ಒಳ್ಳೆಯವಳೇ. ಸ್ವಲ್ಪ ಬಾಯಿ ಜೋರು. ಬಾಯಿ ಇಲ್ದಿದ್ರೆ ನನ್ನಂಥವನ ಜೊತೆ ಬಾಳಕ್ಕಾಗುತ್ತಾ?"

ಅವಳಿಗೆ ನಗುವೂ ಬಂತು, ಅಳುವೂ ಬಂತು. ಇನ್ನೊಂದು ಮಾತು, ಇನ್ನೊಂದೇ ಮಾತು ಅನ್ನುತ್ತಾ ಸಂಜೆಯಾಯಿತು. ಆಗ ಅಜ್ಜನಿಗೆ ನಡುಕ ಹತ್ತಿ ಹಲ್ಲು ಕಟಕಟ ಅನ್ನತೊಡಗಿತು. ಅಯ್ಯೋ ಪಾಪಿ, ಕೊಂದೆನಲ್ಲಾ ಎಂದು ಅಜ್ಜಿ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡು ಫೋನ್ ಮಾಡಿದಳು.

"ಇಷ್ಟೊತ್ತು ಏನ್ ಮಾಡ್ತಿದ್ರಿ?" ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಗದರಿದರು. ಅಜ್ಜಿ ಅಜ್ಜನ ಹೊದಿಕೆಯ ಅಂಚು ಸರಿಮಾಡಿದಳು. ಔಷಧಿ ಕೊಡದಿದ್ದರೆ ಸೋಂಕು ರಕ್ತಕ್ಕೇರುತ್ತದೆ, ಕೊಟ್ಟರೆ ಭೇದಿಯ ಭಯ. ಅತ್ತ ದರಿ, ಇತ್ತ ಪುಲಿ. ಡಾಕ್ಟರಮ್ಮ ಮೂತ್ರವನ್ನು ಪರೀಕ್ಷೆಗೆ ಕಳಿಸಿ, ಕಿಡ್ನಿ ಹೇಗಿದೆ ನೋಡಿ, ಬೇರೆ ಔಷಧಿ ಆರಿಸಿ, ಬೇಕಾದಷ್ಟೇ ದಿನ ಕೊಟ್ಟರು. ಅಜ್ಜಿ ಮಂಚದ ಪಕ್ಕ ಕೂತು ಅವನು ಹೊಟ್ಟೆ ಮುಟ್ಟಿಕೊಂಡಾಗಲೆಲ್ಲ ನರ್ಸನ್ನು ಕೂಗಿದಳು.

ಭೇದಿ ಆಗಲಿಲ್ಲ. ಜ್ವರವೂ ಬಿಟ್ಟಿತು. ಮನೆಗೆ ಬಂದ ಮೇಲೆ ಅಜ್ಜಿ ಅವನ ಮುಖದ ಹತ್ತಿರ ಬಗ್ಗಿ, "ಏನ್ರೀ, ನಾನು ಯಾರು ಹೇಳಿ ನೋಡೋಣ?" ಎಂದಳು.

ಅಜ್ಜ ನೋಡಿದ. ಗುರುತು ಹಿಡಿದ. ಗೋಡೆಯ ಕಡೆ ಹೊರಳಿ ಮಲಗಿದ.

ಮಧ್ಯಾಹ್ನ ಡಾಕ್ಟರಮ್ಮನ ಫೋನ್ ಬಂತು. "ಹೇಗಿದ್ದಾರೆ? ಇನ್ನೂ ಏನಾದ್ರೂ ಮಾತಾಡ್ತಿದ್ದಾರಾ?"

"ಇಲ್ಲ ಡಾಕ್ಟ್ರೇ," ಅಂದಳು ಅಜ್ಜಿ. "ಪೂರ್ತಿ ವಾಸಿಯಾಗಿದ್ದಾರೆ."