ಕಾಲಿಗೆ ಬಿಟ್ಟ ಜಾಗ

ದಾಸಪ್ಪ ಮಿಲಿಟರಿ ಬ್ಯಾಂಡಿನಲ್ಲಿ ವರ್ಷಾನುಗಟ್ಟಲೆ ಸೈಡ್ ಡ್ರಮ್ ಬಾರಿಸಿ, ಐವತ್ತೆಂಟನೇ ಇಸವಿಯಲ್ಲಿ ಪಿಂಚಣಿ ಪಡೆದು ಅಬ್ಬಿಗೆರೆಗೆ ವಾಪಸು ಬಂದ. ತನ್ನ ಏಟಿಗೆ ನೂರಾರು ಬೂಟುಗಳು ಒಟ್ಟಿಗೆ ನೆಲಕ್ಕೆ ಬೀಳುವುದನ್ನು ಕಂಡವನು ಅವನು. ತಾಳ ಅಂದರೆ ಅವನಿಗೆ ಅಷ್ಟೇ: ಡ್ರಮ್ಮು ಹೇಳಬೇಕು, ಕಾಲು ಕೇಳಬೇಕು.

ಸುಮ್ಮನೆ ಕೂತು ಅಭ್ಯಾಸವಿಲ್ಲದ್ದರಿಂದ ಯಶವಂತಪುರದ ಖಾದರ್ ಬಾಷಾ ಅವರ ಬ್ಯಾಂಡ್‌ಸೆಟ್ ಸೇರಿಕೊಂಡ. ಮದುವೆ ಮೆರವಣಿಗೆಗಳಲ್ಲಿ ಬಾಷಾ ಸಾಹೇಬರು ಕ್ಲಾರಿನೆಟ್ ನುಡಿಸುತ್ತಿದ್ದರು. ಮಿಲಿಟರಿ ಕೈ ಸಿಕ್ಕಿತೆಂದು ಅವರಿಗೆ ಖುಷಿಯೋ ಖುಷಿ.

ಮೊದಲ ಮದುವೆ ಹೆಬ್ಬಾಳದಲ್ಲಿ. ಗಂಡಿನ ಕಡೆಯ ಹುಡುಗರು ಟವೆಲ್ ಬೀಸುತ್ತಾ ಮುಂದೆ ಬಂದರು. ಸ್ವಲ್ಪ ಹೊತ್ತು ಮೈ ಕುಲುಕಿಸಿದರು, ಆಮೇಲೆ ಟವೆಲ್ ಹೆಗಲಿಗೆ ಹಾಕಿಕೊಂಡು ಸುಮ್ಮನೆ ನಡೆಯತೊಡಗಿದರು. ನೋಡನೋಡುತ್ತಾ ದಿಬ್ಬಣವೆಲ್ಲಾ ಕೈಬೀಸಿಕೊಂಡು ಎಡ-ಬಲ, ಎಡ-ಬಲ ಹೆಜ್ಜೆ ಹಾಕತೊಡಗಿತು. ಜಗಲಿ ಮೇಲೆ ಕೂತಿದ್ದ ಮುದುಕನೊಬ್ಬ ಕೂಗಿದ:

“ಏನ್ರಪ್ಪೋ, ಮದ್ವೆ ಗಂಡನ್ನ ಯುದ್ದಕ್ಕೆ ಕರ್ಕಂಡ್ ಓಗ್ತಾ ಇದೀರಾ?”

ಬೀದಿಗೆ ಬೀದಿಯೇ ನಕ್ಕಿತು. ದಾಸಪ್ಪನ ಮುಖ ಕೆಂಪಾಯಿತು. ಮುಂದಿನ ಮದುವೆಯಲ್ಲಿ ಇನ್ನೂ ಜೋರಾಗಿ, ಇನ್ನೂ ಬಿರುಸಾಗಿ ಬಾರಿಸಿದ. ಜನ ಇನ್ನೂ ಬಿರುಸಾಗಿ ನಡೆದರು.

ಬಾಷಾ ಸಾಹೇಬರು ಅವನನ್ನು ಪಕ್ಕಕ್ಕೆ ಕರೆದರು. “ದಾಸಪ್ಪ, ಒಂದೇ ಒಂದು ಏಟೂ ತಪ್ಪಿಲ್ಲ ಕಣಯ್ಯಾ. ಅದಕ್ಕೇ ನಂಗೆ ಏನ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ಸ್ವಲ್ಪ ದಿನ ಡ್ರಮ್ ಇನ್ನೊಬ್ಬರು ಹಿಡೀಲಿ. ನೀನು ಕಂಚಿನ ತಾಳ ಬಡಿ.”

ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಮನೆಗೆ ಬಂದವನೇ ಮಣೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾರಿಸತೊಡಗಿದ. ಎಷ್ಟು ಬಾರಿಸಿದರೂ ತಪ್ಪು ಸಿಗಲಿಲ್ಲ. ಹಜಾರದಲ್ಲಿ ರಾಗಿ ಬೀಸುತ್ತಿದ್ದ ಹೆಂಡತಿ ದ್ರೌಪದಮ್ಮ ಕಲ್ಲು ನಿಲ್ಲಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು.

“ಒಂದ್ ಮಾತ್ ಏಳ್ತೀನಿ, ಕ್ವಾಪ ಮಾಡ್ಕಬ್ಯಾಡಿ.”

“ಏಳು.”

“ನೀವು ಬಾರ್ಸೋದ್ರಾಗೆ ಜಾಗನೇ ಇಲ್ಲ. ಎಲ್ಲಾನೂ ನೀವೇ ತುಂಬಿಸ್ಬುಟ್ರೆ ನಮ್ ಕಾಲು ಎಲ್ ಓಗ್ಬೇಕು?”

“ನಿಂಗೇನ್ ಗೊತ್ತೇ ತಾಳ?”

“ತಾಳ ಗೊತ್ತಿಲ್ಲ. ಕೋಲಾಟ ಗೊತ್ತು.”

ದಾಸಪ್ಪ ಅವಳನ್ನೇ ನೋಡಿದ. ಮದುವೆಯಾದ ಮೇಲೆ ಹೆಚ್ಚು ಕಾಲ ಅವನು ಕಳೆದದ್ದು ದೂರದ ಕ್ಯಾಂಪುಗಳಲ್ಲಿ. ಪಕ್ಕದ ಸಿಂಗಾಪುರ ಹಳ್ಳಿಯ ತವರಿನಲ್ಲಿ ಅವಳು ಕೋಲಾಟದ ಸುತ್ತಿನ ಮುಂದಾಳಾಗಿದ್ದಳೆಂಬುದು ಅವನಿಗೆ ಗೊತ್ತೇ ಇರಲಿಲ್ಲ.

“ಮತ್ತೆ ಯಾಕ್ ಬುಟ್ಟೆ?”

“ಬುಡ್ಲಿಲ್ಲ. ಇಲ್ಲಿ ಯಾರೂ ಕರೀಲಿಲ್ಲ,” ಎಂದು ಅವಳು ಮತ್ತೆ ಕಲ್ಲು ತಿರುಗಿಸಿದಳು.

ಸೋಮವಾರ ಸಂಜೆ ಇಬ್ಬರೂ ಸಿಂಗಾಪುರಕ್ಕೆ ನಡೆದರು. ಅಲ್ಲಿ ಅವಳ ಅಣ್ಣ ಸೊಣ್ಣಪ್ಪ ಕೋಲಾಟ ಕಟ್ಟುತ್ತಿದ್ದ. ನೋಡಿಕೊಂಡು ಬರೋಣವೆಂದು ಹೋಗಿದ್ದ ದಾಸಪ್ಪನ ಕೈಗೆ ದ್ರೌಪದಮ್ಮನೇ ಕೋಲು ಕೊಟ್ಟಳು. ಸುತ್ತು ತಿರುಗಿತು. ಅವನ ಕಾಲು ಪರೇಡ್ ಮಾಡಿತು. ಎಲ್ಲರೂ ಬಾಗಿದಾಗ ಅವನು ನೆಟ್ಟಗೆ ನಿಂತಿದ್ದ. ಕೋಲಿಗೆ ತಾಗಬೇಕಾದ ಕೋಲು ಸೊಣ್ಣಪ್ಪನ ಗೆಣ್ಣಿಗೆ ಬಿತ್ತು.

“ಬಾವ, ನಮ್ ಬೆಳ್ಳು ಉಳ್ಸಿ! ನಾಳೆ ನೇಗ್ಲು ಇಡೀಬೇಕು!”

ಇನ್ನು ಈ ಕಡೆ ತಲೆ ಹಾಕಬಾರದು ಅಂದುಕೊಂಡೇ ಅವನು ಪಕ್ಕಕ್ಕೆ ಸರಿದ. ಆದರೆ ಅಷ್ಟರಲ್ಲಿ ದ್ರೌಪದಮ್ಮ ಸುತ್ತಿನೊಳಗೆ ಹೋಗಿದ್ದಳು. ಏಟು ಬೀಳುವ ಮೊದಲೇ ಅವಳ ಭುಜ ತಗ್ಗುತ್ತಿತ್ತು. ಹಿಮ್ಮಡಿ ನೆಲ ಬಿಟ್ಟು, ಗಾಳಿಯಲ್ಲೇ ಏನನ್ನೋ ಕಾದು, ಆಮೇಲೆ ಇಳಿಯುತ್ತಿತ್ತು. ಅವಳ ಮುಖದಲ್ಲಿ ಅವನು ಮನೆಯಲ್ಲಿ ಎಂದೂ ಕಾಣದ ಬೆಳಕಿತ್ತು. ಮುಂದಿನ ಸೋಮವಾರ ಅವನೇ ಮೊದಲು ಹೊರಟು ನಿಂತ.

ಮಳೆಗಾಲ ಮುಗಿಯುವವರೆಗೂ ಹೋದರು. ಒಂದು ಸಂಜೆ ಸುತ್ತು ತಿರುಗುತ್ತಿದ್ದಾಗ, ಕೋಲು ಇನ್ನೂ ಕೋಲಿಗೆ ತಾಗದೆ, ಕಾಲು ಇನ್ನೂ ನೆಲ ಮುಟ್ಟದೆ ಇದ್ದ ಹೊತ್ತಿನಲ್ಲಿ, ದಾಸಪ್ಪನಿಗೆ ಒಂದು ಏಟು ಕೇಳಿಸಿತು. ಯಾರೂ ಹೊಡೆದಿರಲಿಲ್ಲ. ಆದರೆ ಅವನ ಮೈ ಅದನ್ನು ಹಿಡಿಯಲು ಹೋಗಿತ್ತು. ಸುತ್ತಿನಲ್ಲಿದ್ದವರೆಲ್ಲ ಅದೇ ಏಟಿಗಾಗಿ ಕಾಲೆತ್ತಿದ್ದರು. ಅವನು ಬೆರಗಾಗಿ ಅಲ್ಲೇ ನಿಂತುಬಿಟ್ಟ. ಹಿಂದಿದ್ದವರು ಬಂದು ಡಿಕ್ಕಿ ಹೊಡೆದರು.

“ಏನಾಯ್ತ್ ಬಾವ?”

“ಏನಿಲ್ಲ,” ಎಂದ. ಕೋಲೆತ್ತಿಕೊಂಡು ಮತ್ತೆ ಸುತ್ತು ಸೇರಿದ.

ಅಂದಿನಿಂದ ಅವನ ಕಿವಿಯೇ ಬೇರೆಯಾಯಿತು. ಎಷ್ಟೋ ಸಲ ಕೇಳಿದ್ದ ಬಾಷಾ ಸಾಹೇಬರ ಕ್ಲಾರಿನೆಟ್ಟಿನಲ್ಲೂ ಉಸಿರೆಳೆದುಕೊಳ್ಳುವ ಜಾಗಗಳು ಕೇಳಿಸತೊಡಗಿದವು; ಆ ಜಾಗಗಳ ಮೇಲೆಲ್ಲಾ ತಾನು ಇಷ್ಟು ದಿನ ಬೂಟುಗಾಲಲ್ಲಿ ನಡೆದಿದ್ದೆ ಅನ್ನಿಸಿ ನಾಚಿಕೆಯಾಯಿತು. ಯಲಹಂಕದಲ್ಲಿ ಒಂದು ಮದುವೆ ಬಂದಾಗ, “ಒಂದ್ ಸಲ ಡ್ರಮ್ ಕೊಡಿ ಸಾಬ್ರೇ,” ಎಂದು ಕೇಳಿದ. ಅವರು ಅನುಮಾನದಿಂದಲೇ ಕೊಟ್ಟರು.

ಬಿಡುವುದು ಹೊಡೆಯುವುದಕ್ಕಿಂತ ಕಷ್ಟವಾಗಿತ್ತು. ಏಟು ಬೀಳಬೇಕಾದ ಕಡೆ ಕೋಲು ತಡೆದು ಹಿಡಿದರೆ, ಮಿಲಿಟರಿಯಲ್ಲಿ ಪಳಗಿದ ಮಣಿಕಟ್ಟು ತಾನಾಗಿಯೇ ಕೆಳಗೆ ಬೀಳಲು ಹೊರಡುತ್ತಿತ್ತು. ಆದರೂ ತಡೆದ. ಮುಂದಿನ ಏಟನ್ನು ಒಂದು ಎಳೆಯಷ್ಟು ತಡಮಾಡಿ ಹಾಕಿದ. ಬಾಷಾ ಸಾಹೇಬರು ನುಡಿಸುತ್ತಲೇ ಹಿಂತಿರುಗಿ ನೋಡಿದರು.

ಮೊದಲು ಹುಡುಗರ ಟವೆಲ್ ಮೇಲೆದ್ದಿತು. ಆಮೇಲೆ ಬೀದಿಯೇ ಕುಲುಕಿತು. ಹೆಣ್ಣಿನ ಕಡೆಯ ನರಸಿಂಹಯ್ಯನವರು ಮೃದಂಗ ಕಲಿತವರು. ನಡೆಯುತ್ತಲೇ ತೊಡೆಯ ಮೇಲೆ ತಾಳ ಹಾಕುತ್ತಿದ್ದವರು ದಾಸಪ್ಪ ಬಾರಿಸದೆ ಬಿಟ್ಟ ಏಟಿಗೆ ಹುಬ್ಬು ಗಂಟಿಕ್ಕಿದರು. ಮರುಸಲ ಅವರ ಬೆರಳೇ ಅದನ್ನು ತುಂಬಿತು. ಅವರು ಕುಣಿಯಲಿಲ್ಲ, ಆದರೆ ಕಣ್ಣು ಅರ್ಧ ಮುಚ್ಚಿತ್ತು. ಗಾಡಿ ಹೊಡೆಯುವ ಮೊಯಿನುದ್ದೀನನ ತಲೆ ಕುದುರೆಯ ನಡಿಗೆಗೆ ಆಡುವಂತೆ ಆಡುತ್ತಿತ್ತು. ಚಿಕ್ಕ ಮಕ್ಕಳು ತಮಗೆ ತೋಚಿದ ಕಡೆ ನೆಗೆಯುತ್ತಿದ್ದವು. ಡ್ರಮ್ಮು ಒಂದೇ, ಬಿಟ್ಟ ಜಾಗದಲ್ಲಿ ಒಬ್ಬೊಬ್ಬರೂ ಬೇರೆಯದನ್ನೇ ಕೇಳುತ್ತಿದ್ದರು. ನೂರು ಬೂಟು ಒಂದಾಗಿ ಬಿದ್ದಾಗ ಅವನಿಗೆ ಹೆಮ್ಮೆಯಾಗುತ್ತಿತ್ತು. ಇದು ಹೆಮ್ಮೆಯಲ್ಲ; ಇನ್ನೂ ಒಂದು ಏಟು ತಡೆದು ನೋಡುವ ಆಸೆ.

ಮದುವೆಗೆ ದ್ರೌಪದಮ್ಮನೂ ಬಂದಿದ್ದಳು. ವಾಪಸು ಬರುವ ದಾರಿಯಲ್ಲಿ ಅವನೇ ಕೇಳಿದ. “ಎಂಗಿತ್ತೇ?”

“ಗುಡಿ ಬೀದೀಲಿ ತಿರುಗ್ತಲೂ ಮತ್ತೆ ಮಿಲ್ಟ್ರಿಗೆ ಓಗಿದ್ರಿ.”

“ಆಮೇಲೆ?”

“ಆಮೇಲೆ ಬಂದ್ರಿ.”

ಅಲ್ಲಿಂದ ಮುಂದೆ ಹೊಸ ಹಾಡು ಯಾವುದೇ ಇರಲಿ, ಅವನು ಮೊದಲು ಅಂಗಳದಲ್ಲಿ ಬಾರಿಸುತ್ತಿದ್ದ. ದ್ರೌಪದಮ್ಮ ಕೊಡ ಹೊತ್ತೋ ಮೊರ ಹಿಡಿದೋ ಓಡಾಡುತ್ತಿದ್ದಳು. ಅವಳ ಹಿಮ್ಮಡಿ ನೆಲ ಬಿಟ್ಟರೆ ಸರಿ, ಇಲ್ಲದಿದ್ದರೆ ಒಂದು ಏಟು ಕಡಿಮೆ ಮಾಡಿ ನೋಡುತ್ತಿದ್ದ. ಅವಳು ದಣಿದ ಕೆಲವು ದಿನ ಹೇಗೆ ಬಾರಿಸಿದರೂ ಅದು ಏಳುತ್ತಿರಲಿಲ್ಲ. ಅಂಥ ದಿನ ಅವನು ಡ್ರಮ್ಮನ್ನು ಗೋಡೆಗೆ ಒರಗಿಸಿ, ಅವಳ ಕೈಯಿಂದ ಕೊಡ ಇಸಿದುಕೊಂಡು ತಾನೇ ನೀರಿಗೆ ಹೋಗುತ್ತಿದ್ದ.