ಅಮ್ಮನ ಪುಸ್ತಕದಲ್ಲೊಂದು ಸುಳ್ಳು

ತೀರಿಕೊಂಡ ಅಮ್ಮನ ಎಡಗೈಯನ್ನು ರವಿಕೆಯ ಉದ್ದ ತೋಳಿನೊಳಗೆ ತೂರಿಸಿ ಮಗಳು ಮುಂಗೈಯ ಗುಂಡಿ ಹಾಕುತ್ತಿದ್ದಳು. ಕೈ ಸೆಟೆದುಕೊಂಡಿತ್ತು, ಗುಂಡಿ ತೂತಿಗೆ ಕೂಡುತ್ತಿರಲಿಲ್ಲ. ಅಷ್ಟರಲ್ಲಿ ಯಾರೂ ತಟ್ಟದೆ ಬಾಗಿಲು ತೆರೆದುಕೊಂಡಿತು. ಹೊಸಿಲಿನಾಚೆ ಯಾರೋ ಮೆಲ್ಲಗೆ ಕೆಮ್ಮಿದರು. ಮಗಳು ಅಮ್ಮನ ಕೈಯನ್ನು ಹಾಗೇ ಬಿಟ್ಟು ಎದ್ದು ನಿಂತಳು, ಕೈಕಟ್ಟಿ, ತಲೆ ತಗ್ಗಿಸಿ. ಮೂವತ್ತು ದಾಟಿದ ಹೆಂಗಸು. ಕನ್ನಡಕದ ಅಂಗಡಿಯಲ್ಲಿ ತಂಟೆ ತೆಗೆಯುವ ಗಿರಾಕಿಗಳನ್ನು ಗದರಿಸಿ ಕಳಿಸುವಷ್ಟು ಜೋರು. ಆ ಕೆಮ್ಮಿನ ಮುಂದೆ ಅದೆಲ್ಲ ಎಲ್ಲಿ ಹೋಯಿತೋ.

"ಕೂತ್ಕೋ ಮಗಳೇ," ಎಂದರು ಹಿರಿಯರು.

ಅವಳು ಕೂತಳು. ಚಿಲಕ ಹಾಕಬೇಕಿತ್ತು ಎಂದು ಆಗ ಹೊಳೆಯಿತು. ಆಶ್ರಯದಲ್ಲಿ ಯಾವ ಬಾಗಿಲಿಗೂ ಚಿಲಕವಿರಲಿಲ್ಲ, ಬಚ್ಚಲಿಗೂ ಇರಲಿಲ್ಲ. ದೇವರ ಮಕ್ಕಳಿಗೆ ಮುಚ್ಚಿಡುವಂಥದ್ದೇನಿದೆ ಎಂದು ಹಿರಿಯರ ವಾದ. ಅಲ್ಲಿಂದ ಓಡಿಬಂದು ಇಷ್ಟು ವರ್ಷವಾದರೂ ತಾಯಿಗೂ ಮಗಳಿಗೂ ಚಿಲಕ ಹಾಕುವ ಅಭ್ಯಾಸ ಬರಲೇ ಇಲ್ಲ. ಹೆದರಿ ದೀಪ ಆರಿಸದೆ ಮಲಗುತ್ತಿದ್ದ ಇಬ್ಬರೂ ಬಾಗಿಲನ್ನು ಮಾತ್ರ ಬರೀ ಒರಗಿಸಿ ಮಲಗುತ್ತಿದ್ದರು. ಅದೇ ಮೆಟ್ಟಿಲು ಹತ್ತಿಳಿಯುವ ಅಕ್ಕಪಕ್ಕದ ಮನೆಗಳವರಿಗೆಲ್ಲ ಇದೊಂದು ತಮಾಷೆಯಾಗಿತ್ತು.

ಆಶ್ರಯ ಎಂದರೆ ಊರಾಚೆ ಎತ್ತರದ ಗೋಡೆಯೊಳಗೆ ಹತ್ತಾರು ಕ್ರೈಸ್ತ ಕುಟುಂಬಗಳು, ಒಂದೇ ಅಡುಗೆಮನೆ, ಒಂದೇ ಪ್ರಾರ್ಥನಾ ಮಂದಿರ, ಎಲ್ಲರ ಮೇಲೆ ಒಬ್ಬರೇ ಹಿರಿಯರು. ಯಾರು ಯಾರನ್ನು ಮದುವೆಯಾಗಬೇಕು, ಯಾವ ಮಗು ಯಾರ ಮನೆಯಲ್ಲಿ ಬೆಳೆಯಬೇಕು, ಯಾರ ಬೆನ್ನಿಗೆ ಬೆತ್ತ ಬೀಳಬೇಕು, ಎಲ್ಲ ಅವರಿಗೆ ದೇವರು ತಿಳಿಸುತ್ತಿದ್ದ. ಅವರ ದನಿ ಎಂದೂ ಏರಿದ್ದಿಲ್ಲ. ಹೆದರಿಕೆ ಹುಟ್ಟಿಸುತ್ತಿದ್ದುದೇ ಅದು.

ಅವರ ಹಿಂದೆ ಇಬ್ಬರು ಗಂಡಸರು ಒಳಗೆ ಬಂದು ಗೋಡೆಗೆ ಮುಖಮಾಡಿ ನಿಂತರು. ಬಿಟ್ಟುಹೋದವರ ಮುಖವನ್ನು ಹಿರಿಯರೊಬ್ಬರ ಹೊರತು ಆಶ್ರಯದವರು ಯಾರೂ ನೋಡಬಾರದು. ಮಾತಾಡಲೇಬೇಕಾದರೆ ಬೆನ್ನು ತಿರುಗಿಸಿಯೇ ಮಾತಾಡಬೇಕು. ಆ ಇಬ್ಬರಲ್ಲಿ ಉದ್ದನೆಯವನು ಅವಳ ಅಣ್ಣ. ಇಪ್ಪತ್ತು ವರ್ಷಕ್ಕೂ ಮೇಲಾಗಿತ್ತು. ಕೊರಳ ಹಿಂದಿನ ಸುಳಿಯಿಂದ ಗುರುತು ಹಿಡಿದಳು. ಅಮ್ಮ ತೀರಿಕೊಂಡಳೆಂದು ತಾನೇ ಹೇಳಿಕಳಿಸಿದ್ದು ಇವನಿಗಾಗಿ, ಜೊತೆಗೆ ಹಿರಿಯರೂ ಬರುತ್ತಾರೆಂದು ಗೊತ್ತಿದ್ದೇ.

"ಅಣ್ಣಾ," ಎಂದಳು.

ಅಣ್ಣ ಗೋಡೆಗೇ ಹೇಳಿದ: "ಅಮ್ಮ ನನ್ನನ್ನ ಯೂದ ಮಾಡಿ ಬರೆದಿದಾಳಂತೆ. ತಾಯೀನ ಹಿಡ್ಕೊಟ್ಟ ಮಗ ಅಂತ. ಹಿರಿಯರು ಹೇಳಿದ್ರು."

"ನೀನು ಓದಿದ್ಯಾ? ಅದ್ರಲ್ಲಿ ಹಾಗೆ..."

ಹಿರಿಯರು ಕೆಮ್ಮಿದರು. ಅವಳ ಬಾಯಿ ಮುಚ್ಚಿಕೊಂಡಿತು.

"ಪುಸ್ತಕ ಇಲ್ಲೇ ಇರ್ಬೇಕಲ್ಲ?" ಎಂದರು ಹಿರಿಯರು, ನೀರು ಕೇಳುವಷ್ಟೇ ಸಹಜವಾಗಿ. ಅವಳ ಕಣ್ಣು ಮಂಚದ ಕೆಳಗೆ ಹೋಯಿತು. ಹಿರಿಯರಿಗೆ ಅಷ್ಟೇ ಸಾಕಾಯಿತು, "ಮಂಚದ ಕೆಳಗೆ," ಎಂದರು. ಇನ್ನೊಬ್ಬ ಗಂಡಸು ಬಗ್ಗಿ, ಹೆಣ ಮಲಗಿದ್ದ ಮಂಚದಡಿಯಿಂದ ಕಟ್ಟುಗಳನ್ನು ಒಂದೊಂದಾಗಿ ಎಳೆದು ಹೊರಗೆ ಸಾಗಿಸಿದ. ಅಮ್ಮನಿಗಿಂತ ಮೊದಲು ಅವಳ ಪುಸ್ತಕ ಮನೆ ಬಿಟ್ಟಿತು.

"ನಮ್ಮಲ್ಲಿಯ ಕ್ರಮ ನೀನು ಮರ್ತಿರಲ್ಲ," ಹಿರಿಯರು ಹೇಳಿದರು. "ಮಣ್ಣು ಹಾಕೋ ಮುಂಚೆ ಹತ್ತಿರದವರೊಬ್ಬರು ಸಾಕ್ಷಿ ಹೇಳ್ಬೇಕು. ನೀನು ಹೇಳು. ಅಮ್ಮ ಬರೆದಿದ್ದು ಸುಳ್ಳು, ಕೊನೇಲಿ ಪಶ್ಚಾತ್ತಾಪ ಪಟ್ಟಳು ಅಂತ. ಎರಡೇ ಮಾತು. ಹೇಳಿದ್ರೆ ನಿನ್ನಣ್ಣ ನಿನ್ನ ಕಡೆ ತಿರುಗಬಹುದು. ಅವನ ಮಗೂನ ನೀನು ಎತ್ಕೊಂಡು ಆಡಿಸಬಹುದು."

ಅಣ್ಣನಿಗೊಂದು ಮಗುವಿದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

"ಹೇಳ್ದೇ ಹೋದ್ರೆ?"

"ಹೇಳ್ದೇ ಹೋದ್ರೆ ಇವತ್ತೇ ಕೊನೆ. ನಿನ್ನಿಷ್ಟ ಮಗಳೇ. ನಾವು ಯಾರನ್ನೂ ಬಲವಂತ ಮಾಡಲ್ಲ."

* * *

ಅಪ್ಪ ಸತ್ತ ಮೇಲೆ ಅವಳನ್ನು ಬೇರೊಂದು ಕುಟುಂಬಕ್ಕೆ ಬೆಳೆಸಲು ಕೊಡಬೇಕೆಂದು ಹಿರಿಯರಿಗೆ ದೇವರು ತಿಳಿಸಿದ್ದ. ಅಮ್ಮ ಆಗಲಿ ಎಂದು ತಲೆಯಾಡಿಸಿ ಬಂದು, ಅಡುಗೆಮನೆಯ ಕಾಳು ಆರಿಸುತ್ತಲೇ ಓಡಿಹೋಗುವ ಲೆಕ್ಕ ಹಾಕಿದಳು. ಬೆಳಗಿನ ಪ್ರಾರ್ಥನೆಗೆ ಮುಂಚೆ ತರಕಾರಿ ಲಾರಿ ಗೇಟಿನ ಬಳಿ ಬಂದು ನಿಲ್ಲುತ್ತಿತ್ತು. ಗಂಡುಹುಡುಗರ ಬಿಡಾರ ಬೇರೆ. ಅಲ್ಲಿದ್ದ ಮಗನಿಗೆ ಹಿಂದಿನ ದಿನ ಊಟ ಬಡಿಸುವಾಗ ಕಿವಿಯಲ್ಲಿ ಹೇಳಿದ್ದಳು, ನಾಳೆ ಗೇಟಿನ ಹತ್ರ ಬಾ ಕಂದ ಎಂದು. ಹನ್ನೆರಡು ವರ್ಷದ ಹುಡುಗ. ಮರುದಿನ ಗಂಟೆ ಬಾರಿಸುವ ಪಾಳಿ ಅವನದೇ.

ತಾಯಿ ಮಗಳು ಅಂಗಳ ದಾಟುವಾಗ ಅವನು ಗಂಟೆಯ ಹಗ್ಗ ಹಿಡಿದು ನಿಂತಿದ್ದ. ಅಮ್ಮ ಕೈಬೀಸಿ ಕರೆದಳು. ಅವನು ಒಂದು ಹೆಜ್ಜೆ ಮುಂದಿಟ್ಟ. ಆಮೇಲೆ ಅವನಿಗೇನಾಯಿತೋ, ಹಿಂದಕ್ಕೆ ಓಡಿ ಹಗ್ಗಕ್ಕೆ ಜೋತುಬಿದ್ದು ಬಾರಿಸತೊಡಗಿದ. ಪ್ರಾರ್ಥನೆಯ ಗಂಟೆಯಲ್ಲ, ಬೆಂಕಿ ಬಿದ್ದಾಗ ಬಾರಿಸುವ ಗಂಟೆ. ಎಲ್ಲ ಬಾಗಿಲುಗಳೂ ತೆರೆದವು. ಲಾರಿಯವನು ಪುಣ್ಯಾತ್ಮ, ಏನೂ ಕೇಳದೆ ಇಬ್ಬರನ್ನೂ ಮೇಲಕ್ಕೆಳೆದುಕೊಂಡು ಗಾಡಿ ಬಿಟ್ಟ. ಎಲೆಕೋಸಿನ ಮೂಟೆಗಳ ನಡುವೆ ಅಮ್ಮ ಅವಳ ಕಿವಿ ಮುಚ್ಚಿ ಹಿಡಿದಿದ್ದಳು. ಆದರೂ ಗಂಟೆ ಕೇಳುತ್ತಲೇ ಇತ್ತು.

* * *

ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಅಮ್ಮ ಇಸ್ತ್ರಿಗೆ ನಿಂತಳು, ಕೊನೆಯತನಕ ನಿಂತೇ ಇದ್ದಳು. ಆ ಹಬೆಯಲ್ಲಿ ಮನಸ್ಸಿನಲ್ಲೇ ವಾಕ್ಯ ಕಟ್ಟಿಕೊಂಡು ಮನೆಗೆ ಬಂದು ಆಶ್ರಯದ ಬಗ್ಗೆ ಬರೆದ ಕಾದಂಬರಿ ಅದು. ಪ್ರಕಾಶಕರು ಯಾರೂ ಮುಟ್ಟಲಿಲ್ಲ. ಒಬ್ಬರು ಚೆನ್ನಾಗಿದೆ ಎಂದರು, ಆದರೆ ತಮಗೂ ಹೆಂಡತಿ ಮಕ್ಕಳಿದ್ದಾರೆ ಎಂದರು. ಕಡೆಗೆ ತಾನೇ ಅಚ್ಚು ಹಾಕಿಸುತ್ತೇನೆಂದು, ಮದುವೆ ಕಾಗದ, ರಸೀದಿ ಪುಸ್ತಕ ಅಚ್ಚು ಹಾಕುವ ಪುಟ್ಟ ಪ್ರೆಸ್ಸಿಗೆ ಮಗಳನ್ನು ಕರೆದುಕೊಂಡು ಹೋದಳು. ಯಂತ್ರ ತಿರುಗುವಷ್ಟು ಹೊತ್ತೂ ಅಲ್ಲೇ ಕೂತಿರುತ್ತೇನೆಂದು ಹಟ ಹಿಡಿದಳು. ಬೀದಿಯಲ್ಲಿ ವ್ಯಾನು ನಿಂತರೆ ಸಾಕು, ಪುಟಗಳ ಮೇಲೆ ಸೆರಗು ಎಳೆಯುತ್ತಿದ್ದಳು.

"ಅಮ್ಮಾ, ಇದು ಕಾದಂಬರಿ, ಬಾಂಬಲ್ಲ," ಎಂದಿದ್ದ ಪ್ರೆಸ್ಸಿನ ಯಜಮಾನ.

"ನಿಮಗೆ ಅವರು ಗೊತ್ತಿಲ್ಲಪ್ಪ."

ಕರಡು ತಿದ್ದುವಾಗ ಗೇಟಿನ ಪುಟ ಬಂತು. ಹುಡುಗ ಗಂಟೆ ಬಾರಿಸಿದ ಎಂಬ ಸಾಲನ್ನು ಅಮ್ಮ ಹೊಡೆದುಹಾಕಿ, ಹುಡುಗ ಹಗ್ಗವನ್ನು ಬಿಗಿಯಾಗಿ ಹಿಡಿದು, ಗಂಟೆ ಸದ್ದಾಗದ ಹಾಗೆ ನೋಡಿಕೊಳ್ಳುತ್ತ, ಅವರು ಗೇಟು ದಾಟುವವರೆಗೂ ನಿಂತಿದ್ದ ಎಂದು ಬರೆದಳು.

ಮಗಳಿಗೆ ಸಿಟ್ಟು ಬಂತು. "ಅವ್ನು ಬಾರಿಸಿದ್ನಮ್ಮ. ನಾನೇ ಕೇಳಿದೀನಿ. ಈಗ್ಲೂ ಕೇಳ್ಸತ್ತೆ."

"ನಮಗಿಂತ ಜಾಸ್ತಿ ಹೆದರಿದ್ದ ಕಣೇ. ನಮ್ಮಿಬ್ರಿಗೆ ನಾವಿದ್ವಿ. ಅವನಿಗೆ ಯಾರಿದ್ರು?"

ಯಜಮಾನ ತಲೆ ಕೆರೆದುಕೊಂಡ. "ಯಾವ್ದು ನಿಜ, ಅದನ್ನ ಹೇಳಿ. ಪುಟ ಕಟ್ಟಬೇಕು."

"ಕಾದಂಬರಿ ಅಂತ ನೀವೇ ಹೇಳಿದ್ರಲ್ಲ," ಎಂದಳು ಅಮ್ಮ. "ಇಷ್ಟೆಲ್ಲ ನಿಜ ಬರೆದಿದೀನಿ. ಒಂದು ಸುಳ್ಳು ನನ್ನ ಮಗನಿಗೆ ಇರ್ಲಿ."

* * *

ಹೆಣದ ಗಾಡಿ ಸ್ಮಶಾನ ಮುಟ್ಟಿದಾಗ ಆಶ್ರಯದ ವ್ಯಾನು ಆಗಲೇ ಬಂದಿತ್ತು. ಹತ್ತು ಹನ್ನೆರಡು ಜನ ಇಳಿದು, ಕುಣಿಗೆ ಬೆನ್ನು ಮಾಡಿ ಸಾಲಾಗಿ ನಿಂತರು. ಅಣ್ಣ ಸಾಲಿನ ತುದಿಯಲ್ಲಿದ್ದ.

ಲಾಂಡ್ರಿಯಲ್ಲಿ ಅಮ್ಮನ ಪಕ್ಕದ ಮೇಜಿನವಳು ಮೂಗಿನ ಮೇಲೆ ಬೆರಳಿಟ್ಟಳು. "ಇದೇನ್ರೀ ಇವ್ರು? ಸತ್ತವರನ್ನ ನೋಡೋಕೆ ಬಂದು ಕಾಂಪೌಂಡು ನೋಡ್ತಿದಾರೆ!"

ಪ್ರೆಸ್ಸಿನ ಯಜಮಾನ ಮಗಳ ಹತ್ತಿರ ಬಂದ. ಕಟ್ಟುಗಳ ಸುದ್ದಿ ಅವನಿಗೆ ತಿಳಿದಿತ್ತು. "ತಲೆ ಕೆಡಿಸ್ಕೋಬೇಡಮ್ಮ. ಪುಸ್ತಕ ಪೂರ್ತಿ ಕಂಪ್ಯೂಟರಲ್ಲಿದೆ. ಅವ್ರು ಸುಡಲಿ, ನಾನು ಹಾಕ್ತಾನೇ ಇರ್ತೀನಿ."

ಅವಳಿಗೆ ಅದು ಸರಿಯಾಗಿ ಕೇಳಿಸಲೂ ಇಲ್ಲ. ಎರಡು ಮಾತು ಹೇಳಿದರೆ ಅಣ್ಣ ಸಿಗುತ್ತಾನೆ. ಅಮ್ಮ ಸತ್ತಾಗಿದೆ, ಅವಳಿಗಿನ್ನು ಏನು ಆಗಬೇಕಿದೆ? ಹಾಗೆ ಅಂದುಕೊಂಡ ಮರುಕ್ಷಣ ಹಳೆಯ ಭಯ ಎದ್ದು ಬಂತು: ಹಿರಿಯರು ಹೇಳುವುದೇ ಸರಿಯಿದ್ದರೆ? ಅಮ್ಮ ಈಗ ಬೆಂಕಿಯಲ್ಲಿದ್ದರೆ? ಚಿಕ್ಕಂದಿನಲ್ಲಿ ತುಂಬಿದ ನರಕ ಅಷ್ಟು ಸುಲಭವಾಗಿ ಖಾಲಿಯಾಗುವುದಿಲ್ಲ.

ಪೆಟ್ಟಿಗೆ ಕುಣಿಗೆ ಇಳಿಯಿತು. ಹಗ್ಗ ಮೇಲೆ ಬಂತು.

"ಸಾಕ್ಷಿ," ಎಂದರು ಹಿರಿಯರು.

"ಅಮ್ಮನ ಪುಸ್ತಕದಲ್ಲಿ ಸುಳ್ಳಿದೆ," ಎಂದಳು.

"ಆಮೆನ್," ಎಂದವು ಬೆನ್ನುಗಳು. ಹಿರಿಯರು ಮೆಚ್ಚಿ ತಲೆದೂಗಿದರು. ಅಣ್ಣನ ಭುಜ ಕುಸಿದದ್ದು ಅವಳಿಗೆ ಕಂಡಿತು. ಆ ಭುಜ ನೋಡಿಯೇ ಅವಳಿಗೆ ಮುಂದಿನ ಮಾತು ಬಂತು.

"ಒಂದೇ ಒಂದು."

ಹಿರಿಯರು ಕೆಮ್ಮಿದರು. ಮೈ ತಾನಾಗಿಯೇ ಏಳಲು ಹೋಯಿತು, ಆದರೆ ಆಗಲೇ ನಿಂತಿದ್ದಳು. ತಲೆಯೆತ್ತಿ ಹೇಳಿದಳು.

"ಅವತ್ತು ಗಂಟೆ ಬಾರಿಸಿದ್ದು ಯಾರು ಅಂತ ನಿಮಗೆಲ್ಲ ಗೊತ್ತು. ಅಮ್ಮನಿಗೂ ಗೊತ್ತಿತ್ತು. ಆದ್ರೆ ಹಾಗೆ ಬರೀಲಿಲ್ಲ. ಆ ಹುಡುಗ ಗಂಟೆ ಸದ್ದಾಗದ ಹಾಗೆ ಹಗ್ಗ ಹಿಡ್ಕೊಂಡು ನಿಂತಿದ್ದ, ನಾವು ಗೇಟು ದಾಟೋವರೆಗೂ ಹಿಡ್ಕೊಂಡಿದ್ದ ಅಂತ ಬರೆದಿದಾಳೆ. ಅವನಿಂದ್ಲೇ ನಾವು ಉಳ್ಕೊಂಡ್ವಿ ಅಂತ ಬರೆದಿದಾಳೆ. ಅದೊಂದೇ ಸುಳ್ಳು. ಮಿಕ್ಕಿದ್ದೆಲ್ಲ ನಿಜ. ಅವಳು ಪಶ್ಚಾತ್ತಾಪ ಗಿಶ್ಚಾತ್ತಾಪ ಏನೂ ಪಡಲಿಲ್ಲ."

ಯಾರೂ ಆಮೆನ್ ಎನ್ನಲಿಲ್ಲ. ಹಿರಿಯರ ಮುಖದ ಮೇಲೆ ಅದೇ ನಗು, ಅದೇ ಮೆಲುದನಿ. "ಹೊರಡಿ," ಎಂದರು. ಸಾಲು ಹಿಂದಿರುಗಿ ನೋಡದೆ ವ್ಯಾನಿನತ್ತ ನಡೆಯಿತು. ಇನ್ನು ಮುಗಿಯಿತು ಎಂದುಕೊಂಡಳು. ತಾನೇ ತನ್ನ ಕೈಯಾರೆ ಅಣ್ಣನನ್ನು ಕಳೆದುಕೊಂಡೆ ಎಂದು ಅಲ್ಲೇ ಕುಕ್ಕರಿಸಿ ಅತ್ತಳು.

ಕಣ್ಣೊರೆಸಿ ನೋಡಿದಾಗ ಒಂದು ಬೆನ್ನು ಇನ್ನೂ ಅಲ್ಲೇ ಇತ್ತು.

ವ್ಯಾನು ಹಾರನ್ನು ಹೊಡೆಯಿತು.

"ಆಮೇಲೆ?" ಅಣ್ಣ ತಿರುಗದೆ ಕೇಳಿದ.

"ಏನು ಆಮೇಲೆ?"

"ಪುಸ್ತಕದಲ್ಲಿ. ಆಮೇಲೆ ಆ ಹುಡುಗ ಏನಾದ?"

"ಅದು ಅಮ್ಮನಿಗೂ ಗೊತ್ತಾಗ್ಲಿಲ್ಲ ಅಣ್ಣ. ಅಲ್ಲಿಗೇ ಬಿಟ್ಟಿದಾಳೆ."

ಮತ್ತೆ ಹಾರನ್ನು, ಈ ಸಲ ಉದ್ದಕ್ಕೆ. ಅಣ್ಣ ತಿರುಗಿದ. ಮುಖವೆಲ್ಲ ಬೆವರು, ತುಟಿ ಬಿಳಿಚಿತ್ತು. ತಂಗಿಯನ್ನು ನೋಡಲಿಲ್ಲ, ಕುಣಿಯೊಳಗೆ ನೋಡಿದ. ಬಿಟ್ಟುಹೋದವರಿಗೆ ಆಶ್ರಯದವರು ಮಣ್ಣು ಹಾಕುವ ಹಾಗಿಲ್ಲ. ಹಾಕಿದವರಿಗೆ ಗೇಟು ತೆರೆಯುವುದಿಲ್ಲ. ಅವನ ಹೆಂಡತಿ, ಮಗು ಇಬ್ಬರೂ ಆ ಗೇಟಿನ ಒಳಗಿದ್ದರು. ಅವನು ಕುಣಿ ತೋಡಿದವನ ಕೈಯಿಂದ ಸಲಿಕೆ ಕಿತ್ತುಕೊಂಡು ಮಣ್ಣು ಎಳೆಯತೊಡಗಿದ. ಅರ್ಧ ಕುಣಿಗೆ ಬೀಳುತ್ತಿತ್ತು, ಅರ್ಧ ಅವನ ಕಾಲ ಮೇಲೆ.

"ನಿಧಾನ ಅಣ್ಣಾ," ಎಂದ ಕುಣಿ ತೋಡಿದವನು. "ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲ."

ವ್ಯಾನಿನ ಬಾಗಿಲು ತೆರೆದ ಸದ್ದಾಯಿತು. ಜಲ್ಲಿಯ ಮೇಲೆ ಹೆಜ್ಜೆಗಳು ಇಳಿದವು, ಆತುರವಿಲ್ಲದ ಹೆಜ್ಜೆಗಳು. ಅಣ್ಣ ತಲೆಯೆತ್ತದೆ ಇನ್ನೊಂದು ಸಲಿಕೆ ತುಂಬಿಕೊಂಡ. ತಂಗಿ ಮಂಡಿಯೂರಿ ಎರಡೂ ಕೈಗಳಿಂದ ಮಣ್ಣು ಬಾಚಿ ಬಾಚಿ ಒಳಗೆ ತಳ್ಳತೊಡಗಿದಳು.